ಚೇಳಿನ ತವರುಮನೆ

ಲೋಕ ಆಗಿನ್ನೂ ಹಸಿಹಸಿಯಾಗಿತ್ತು. ಬೆಟ್ಟಗಳು ಆಗತಾನೇ ಎದ್ದು ನಿಂತಿದ್ದವು. ಹೊಳೆಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಯಾರಿಗೆ ಯಾವುದು ಎಂದು ಹಂಚಿಕೊಳ್ಳುವಾಗ ಗಾಳಿ ಎಲ್ಲರಿಗಿಂತ ಮೊದಲು ಬಾಯಿ ಹಾಕಿತು. "ಮರಳ ಮೇಲೆ ಬಿದ್ದದ್ದೆಲ್ಲ ನಂದು" ಎಂದಿತು. ಮರಳ ಮೇಲೆ ಮಹಾ ಏನಿದೆ ಎಂದು ಎಲ್ಲರೂ ಒಪ್ಪಿಬಿಟ್ಟರು.

ಅಲ್ಲಿ ಪುಟ್ಟ ಹಳದಿ ಚೇಳುಗಳಿದ್ದವು. ಆಗ ಅವು ಬಾಲವನ್ನು ನೆಲದ ಮೇಲೆ ಎಳೆದುಕೊಂಡು ನಡೆಯುತ್ತಿದ್ದವು. ಹೆತ್ತ ಮರಿಗಳನ್ನು ಮರಳ ಮೇಲೆಯೇ ಮಲಗಿಸುತ್ತಿದ್ದವು. ಗಾಳಿ ಬರುತ್ತಿತ್ತು, "ನಂದು" ಎನ್ನುತ್ತಿತ್ತು, ಮರಿಗಳನ್ನು ಗುಡಿಸಿಕೊಂಡು ಹೋಗುತ್ತಿತ್ತು. ಕೊನೆಗೆ ಇಡೀ ಮರಳುಗಾಡಿನಲ್ಲಿ ಉಳಿದದ್ದು ಒಂದು ಹೆಣ್ಣು ಚೇಳು, ಒಂದು ಗಂಡು ಚೇಳು.

ಮರಳುಗಾಡಿನ ಅಂಚಿನಲ್ಲಿ ಗಡಿಗೆ ಮಾಡುವ ಹುಲಿಗೆವ್ವ ಇದ್ದಳು. ಲೋಕದ ಮೊದಲ ಗಡಿಗೆ ಮಾಡಿದವಳು ತಾನೇ ಎಂಬ ಹೆಮ್ಮೆ ಅವಳಿಗೆ, ಅದು ನಿಜವೂ ಆಗಿತ್ತು. ಅವಳಿಗಿದ್ದವರು ಗಂಡುಮಕ್ಕಳು ಮಾತ್ರ. ಹೆರಿಗೆಗೆಂದು ತವರಿಗೆ ಬರುವ ಮಗಳೊಬ್ಬಳು ಇಲ್ಲವಲ್ಲ ಎಂಬ ಕೊರಗು ಒಳಗೊಳಗೇ ಇತ್ತು.

ಒಂದು ದಿನ ಹೆಣ್ಣು ಚೇಳು ಹೊಸ್ತಿಲಿಗೆ ಬಂತು. ಗಂಡು ಚೇಳು ದೂರದಲ್ಲೇ ನಿಂತಿತು.

"ಯವ್ವಾ, ಹಡೆಯಾಕ ನನಗೊಂದು ತವರುಮನಿ ಬೇಕು" ಎಂದಿತು ಹೆಣ್ಣು ಚೇಳು.

"ಬಾ ನನ್ನ ಮಗಳ" ಎಂದಳು ಹುಲಿಗೆವ್ವ. ಹಿಂದೆ ಮುಂದೆ ನೋಡಲಿಲ್ಲ.

ನೆರೆಮನೆಯ ಬಾಳವ್ವ ನಕ್ಕಳು. "ಕೋಳಿ ಸಾಕ್ತಾರ, ಕುರಿ ಸಾಕ್ತಾರ. ಚೇಳು ಸಾಕಿದವರನ್ನ ಎಲ್ಲೆರ ಕಂಡೀಯೇನ?"

"ಈಗ ಕಾಣು. ಮೊದಲನೇದಾಕಿ ನಾನ" ಎಂದಳು ಹುಲಿಗೆವ್ವ.

ಅಗಲ ಬಾಯಿಯ ಗಡಿಗೆಗೆ ಮರಳು ತುಂಬಿ ಹೆಣ್ಣು ಚೇಳನ್ನು ಅದರೊಳಗೆ ಬಿಟ್ಟಳು. ಮಣ್ಣನ್ನು ಸದಾ ಹಸಿಯಾಗಿಡುವ ಕೈ ಅದು, ಮರಳಿಗೂ ಧಾರಾಳವಾಗಿ ನೀರು ಚಿಮುಕಿಸಿತು. ಚೇಳು ಮಂಕಾಯಿತು. "ಯವ್ವಾ, ನಾ ಮಣ್ಣಲ್ಲ, ನನ್ನ ನೆನಿಹಾಕಬ್ಯಾಡ" ಎಂದಿತು. ಅಂದಿನಿಂದ ಒಂದು ಮೂಲೆ ಮಾತ್ರ ತೇವ, ಮಿಕ್ಕದ್ದೆಲ್ಲ ಒಣ. ನೆರಳಿಗೆ ಒಡೆದ ಗಡಿಗೆಯ ಚೂರು, ಸಂಜೆಗೊಂದು ಮಿಡತೆ.

ಗಂಡು ಚೇಳಿಗೆ ಬೇರೆ ಗಡಿಗೆ, ಯಾಕೆಂದರೆ ಹಸಿವಾದರೆ ಮಗಳು ಗಂಡನನ್ನೂ ತಿನ್ನದೆ ಬಿಡುವವಳಲ್ಲ. ಅವಳ ಹೊಟ್ಟೆ ತುಂಬಿದ ಹೊತ್ತು ನೋಡಿ ಹುಲಿಗೆವ್ವ ಇಬ್ಬರನ್ನೂ ಒಟ್ಟಿಗೆ ಬಿಟ್ಟಳು. ಇಕ್ಕಳದಂಥ ಕೈಗೆ ಕೈ ಹಿಡಿದು ಅವು ಸುತ್ತಿ ಸುತ್ತಿ ಕುಣಿದವು. ಕುಣಿತ ಮುಗಿದೊಡನೆ ಅಳಿಯನನ್ನು ಅವನ ಗಡಿಗೆಗೆ ದಾಟಿಸಿದಳು.

ತಿಂಗಳುಗಳು ಕಳೆದವು. ಒಂದು ಬೆಳಿಗ್ಗೆ ಅಕ್ಕಿಕಾಳಿನಂಥ ಬಿಳೀ ಮರಿಗಳು ಹುಟ್ಟಿದವು. ಒಂದೊಂದೇ ತಾಯಿಯ ಬೆನ್ನೇರಲು ತೊಡಗಿದವು.

ಮೊಮ್ಮಕ್ಕಳು ಬಂದಮೇಲೆ ತೊಟ್ಟಿಲಿಲ್ಲದಿದ್ದರೆ ಅದೆಂಥ ತವರು? ಹುಲಿಗೆವ್ವ ಬೆರಳ ತುದಿಯಷ್ಟು ಪುಟ್ಟ ತೊಟ್ಟಿಲುಗಳನ್ನು ಮಾಡಿ ಸುಟ್ಟಿಟ್ಟಿದ್ದಳು. ಮರಿಗಳನ್ನು ಬೆನ್ನಿಂದ ಇಳಿಸಿ ತೊಟ್ಟಿಲಿಗೆ ಹಾಕಿ ಜೋಗುಳ ಹಾಡಿದಳು.

ಮಧ್ಯಾಹ್ನದ ಹೊತ್ತಿಗೆ ಮರಿಗಳು ಬಾಡಿದವು. ಕಾಲಾಡಿಸುವ ತ್ರಾಣವೂ ಉಳಿಯಲಿಲ್ಲ.

"ಯವ್ವಾ, ನಿನ್ನ ತೊಟ್ಟಿಲು ನನ್ನ ಮಕ್ಕಳ ಪಸೆ ಹೀರಾಕ ಹತ್ತೈತಿ" ಎಂದು ಚೇಳು ಒದ್ದಾಡಿತು. "ನನ್ನ ಬೆನ್ನ ಅವಕ್ಕ ತೊಟ್ಟಿಲು."

ಸುಟ್ಟ ಮಣ್ಣು ನೀರು ಕುಡಿಯುತ್ತದೆಂದು ಹುಲಿಗೆವ್ವನಿಗಲ್ಲದೆ ಇನ್ಯಾರಿಗೆ ಗೊತ್ತಿರಬೇಕು? ಮರಿಗಳನ್ನು ತಾಯಿಯ ಬೆನ್ನಿಗೆ ಹತ್ತಿಸಿದಳು. ತೊಟ್ಟಿಲುಗಳನ್ನೆಲ್ಲ ಒಡೆದು ಹಾಕಿದಳು. ಸಂಜೆಗೆ ಮರಿಗಳು ಮೆಲ್ಲಗೆ ಕಾಲಾಡಿಸಿದವು.

ಆಗ ಗಾಳಿ ಬಂದು ಗಡಿಗೆಯೊಳಗೆ ಇಣುಕಿತು. "ಮರಳ ಮೇಲೆ ಬಿದ್ದದ್ದೆಲ್ಲ ನಂದು."

"ಕಣ್ಣು ಬಿಟ್ಟು ನೋಡು" ಎಂದಳು ಹುಲಿಗೆವ್ವ. "ಮಕ್ಕಳು ಮರಳ ಮ್ಯಾಲ ಇಲ್ಲ. ಅವ್ವನ ಮ್ಯಾಲ ಅದಾವು."

ಗಾಳಿಗೆ ಸಿಟ್ಟು ಬಂತು. ಬೆನ್ನಿನಿಂದಲೇ ಮರಿಗಳನ್ನು ಎತ್ತಿಕೊಳ್ಳಲು ಬಾಗಿತು. ಚೇಳು ಕಾಲುಗಳನ್ನು ಮರಳಿಗೆ ಊರಿ ನಿಂತಿತು. ಅದುವರೆಗೆ ನೆಲದ ಮೇಲೆ ಎಳೆದಾಡಿದ ಬಾಲವನ್ನು ಮೊದಲ ಸಲ ಮೇಲೆತ್ತಿತು. ಮರಿಗಳ ಮೇಲೆ ಅದನ್ನು ಬಾಗಿಸಿ ಹಿಡಿದು ಕೊಂಡಿಯಿಂದ ಗಾಳಿಗೊಂದು ಕುಟುಕಿತು.

"ಸ್ಸ್... ಸ್ಸ್..." ಎನ್ನುತ್ತಾ ಗಾಳಿ ಓಡಿತು. ಮರಳ ಮೇಲೆ ಅದು ಇಂದಿಗೂ ಹಾಗೆಯೇ ಓಡುತ್ತದೆ.

ಮರಿಗಳು ಮೊದಲ ಪೊರೆ ಕಳಚಿ ಬೆನ್ನಿಂದಿಳಿದು ತಮ್ಮ ದಾರಿ ಹಿಡಿದವು. ಆಮೇಲೆ ತಾಯಿ ಚೇಳು ಗಡಿಗೆಯಿಂದ ಹೊರಬಂದು ಬಾಳವ್ವನ ಅಂಗಳದ ನಟ್ಟನಡುವೆ ಬಾಲವೆತ್ತಿ ನಡೆಯಿತು. ಬಾಳವ್ವ ಸರಕ್ಕನೆ ಪಕ್ಕಕ್ಕೆ ಸರಿದು, "ಏನ ಗತ್ತು! ಯಾರ ಮಗಳವಾ ಇಕಿ?" ಎಂದಳು.

"ನನ್ನ ಮಗಳು" ಎಂದಳು ಹುಲಿಗೆವ್ವ. ಆ ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಹುಲಿಗೆವ್ವ ಈಗಿಲ್ಲ. ಅವಳ ಗಡಿಗೆಗಳು ಒಡೆದು ಚೂರುಗಳು ಊರೂರಿಗೂ ಹರಡಿವೆ. ಮರಿ ಚೇಳುಗಳೂ ಅವುಗಳ ಹಿಂದೆಯೇ ಊರೂರಿಗೆ ಹರಡಿದವು. ಹಳೇ ಹೆಂಚನ್ನೋ ಗಡಿಗೆ ಚೂರನ್ನೋ ಎತ್ತಿದಾಗ, ಬೆನ್ನ ತುಂಬ ಬಿಳೀ ಮರಿ ಹೊತ್ತು ಬಾಲವೆತ್ತಿ ನಿಂತ ಚೇಳು ಕಂಡರೆ, ಕೆಣಕದೆ ಮೆಲ್ಲಗೆ ಮುಚ್ಚಿಬಿಡು ಮಗು, ಅವಳು ತವರಿಗೆ ಬಂದಿದ್ದಾಳೆ.