ಒಗೆದ ಅಂಗಿ

"ಅಜ್ಜಾರ, ನಾ ಹೇಳಿದ್ದರಾಗ ತಪ್ಪೇನಿತ್ರಿ?" ಎಂದು ಮರುಳಯ್ಯ ಕೇಳಿದ.

ಅವನು ಮಠಕ್ಕೆ ಸೇರಿ ಆರು ವರ್ಷವಾಗಿತ್ತು. ಬಹಳ ಓದಿದ್ದ, ಓದಿದ್ದಕ್ಕಿಂತ ಹೆಚ್ಚು ಬಾಯಿಪಾಠ ಮಾಡಿದ್ದ. ಊರಿನ ಕುಂಬಾರ ವೀರಪ್ಪನ ಹೆಂಡತಿ ತೀರಿಕೊಂಡು ಹತ್ತು ದಿನವಾಗಿತ್ತು. ಮರುಳಯ್ಯ ಮೂರು ದಿನ ಆ ಮನೆಗೆ ಹೋಗಿ ಕುಳಿತು, ದೇಹ ನಿಲ್ಲುವಂಥದ್ದಲ್ಲ, ಬಂದವರೆಲ್ಲ ಹೋಗಲೇಬೇಕು ಎಂದು ವೀರಪ್ಪನಿಗೆ ತಿಳಿಹೇಳಿದ್ದ. ವೀರಪ್ಪ ನಡುನಡುವೆ, ಅವಳು ಸಾರಿಗೆ ಉಪ್ಪು ಹಾಕುವುದನ್ನು ಮರೆಯುತ್ತಿದ್ದಳು ಎಂದೋ, ಹಸಿ ಮಡಕೆಯ ಮೇಲೆ ಬೆರಳಿನಿಂದ ಗೆರೆ ಎಳೆದು ಬೈಸಿಕೊಳ್ಳುತ್ತಿದ್ದಳು ಎಂದೋ ಏನಾದರೊಂದು ತೆಗೆಯುತ್ತಿದ್ದ. ಮರುಳಯ್ಯ ತಾಳ್ಮೆಯಿಂದ ಅವನನ್ನು ಮತ್ತೆ ವಿಷಯಕ್ಕೆ ತರುತ್ತಿದ್ದ. ಮೂರನೆಯ ದಿನ ಮಾತಿನ ನಡುವೆಯೇ ವೀರಪ್ಪ ಎದ್ದು ಮಡಕೆ ಸುಡುವ ಆವಿಗೆಯ ಕಡೆ ಹೋದವನು ತಿರುಗಿ ಬರಲಿಲ್ಲ.

"ಒಂದ ಮಾತೂ ಸುಳ್ಳ ಹೇಳಿಲ್ರಿ," ಎಂದ ಮರುಳಯ್ಯ.

ಮಠದ ಗುರುಗಳಾದ ಅಜ್ಜನವರು ತೊಗರಿಕಾಯಿ ಸುಲಿಯುತ್ತಿದ್ದರು. ಶಿಷ್ಯನ ಮುಂದೆಯೂ ಎರಡು ಹಿಡಿ ಕಾಯಿ ಸರಿಸಿ, ಸುಮ್ಮನೆ ಕೂರಬೇಡ, ಸುಲಿಯುತ್ತ ಕೇಳು ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಗಾಣದ ರಾಚಪ್ಪ ಎಂಬವನಿದ್ದ. ಅವನ ಹೆಂಡತಿ ಫಕೀರವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಧೋತರ ತಂದುಕೊಟ್ಟರೆ ಪದರದ ಮೇಲೆ ಪದರ ಜೋಡಿಸಿ, ಒತ್ತಾಗಿ ಹೊಲಿಗೆ ಹಾಕಿ, ಮೊಮ್ಮಕ್ಕಳ ಕಾಲದವರೆಗೆ ಬಾಳುವ ಕೌದಿ ಮಾಡಿಕೊಡುತ್ತಿದ್ದಳು. ಅವಳದೊಂದು ಕಟ್ಟುನಿಟ್ಟಿತ್ತು. ಒಗೆಯದ ಬಟ್ಟೆಗೆ ಸೂಜಿ ಹಾಕುತ್ತಿರಲಿಲ್ಲ. ಎಷ್ಟೇ ಶುಭ್ರವಾದ ಬಟ್ಟೆ ಬಂದರೂ ಅದನ್ನು ಕೊಳೆ ಬಿಡಿಸುವ ಸವಳು ಮಣ್ಣಿನ ನೀರಿನಲ್ಲಿ ಕುದಿಸಿ, ಹಳ್ಳಕ್ಕೆ ಒಯ್ದು ಬಂಡೆಗೆ ಬಡಿದು ಒಗೆದು, ಮೂರು ದಿನ ಬಿಸಿಲಿಗೆ ಹಾಕಿದ ಮೇಲೆಯೇ ಕತ್ತರಿ ಹಿಡಿಯುತ್ತಿದ್ದಳು. ಅತ್ತೆ ಕಲಿಸಿದ ರೀತಿ ಅದು. ಅವಳ ಕೌದಿಗೆ ಸುತ್ತಲಿನ ಊರುಗಳಲ್ಲಿ ಹೆಸರಿದ್ದದ್ದೂ ಅದಕ್ಕೇ.

ಅವರಿಗೆ ಮಕ್ಕಳಿರಲಿಲ್ಲ. ಒಂದು ನಾಯಿಯಿತ್ತು. ಒಲೆಯ ಬೂದಿಯಲ್ಲಿ ಮಲಗಿ ಮಲಗಿ ಅದಕ್ಕೆ ಬೂದ್ಯಾ ಎಂದೇ ಹೆಸರಾಗಿತ್ತು. ರಾಚಪ್ಪ ಗಾಣಕ್ಕೆ ಹೊರಟರೆ ಅದು ಅವನ ಹಿಂದೆ, ಮನೆಗೆ ಹೊರಟರೆ ಅವನ ಮುಂದೆ. ಉಣ್ಣುವಾಗ ರಾಚಪ್ಪ ಜೋಳದ ರೊಟ್ಟಿಯ ಗರಿಗರಿ ಅಂಚನ್ನು ಮುರಿದು, ಶೇಂಗಾ ಚಟ್ನಿಯಲ್ಲಿ ಹೊರಳಿಸಿ ಅದಕ್ಕೆ ಕೊಡುತ್ತಿದ್ದ. ಮನುಷ್ಯರಿಗೆ ಮಾಡಿದ್ದನ್ನು ನಾಯಿಗೆ ತಿನ್ನಿಸುತ್ತೀರಿ ಎಂದು ಫಕೀರವ್ವ ಬೈಯುತ್ತಿದ್ದಳು. ಬೈಯುತ್ತಲೇ ದಿನವೂ ಒಂದು ರೊಟ್ಟಿ ಹೆಚ್ಚು ಬಡಿಯುತ್ತಿದ್ದಳು. ನಗಬೇಡ ಮರುಳಯ್ಯ. ಸಂಸಾರ ಹಾಗೇ ಇರುತ್ತದೆ, ನಿನ್ನ ಪುಸ್ತಕದಲ್ಲಿ ಬರೆದಿಲ್ಲ ಅಷ್ಟೆ.

ಒಂದು ಸುಗ್ಗಿಯಲ್ಲಿ ರಾಚಪ್ಪನಿಗೆ ಜ್ವರ ಬಂತು. ಎಂಟು ದಿನದಲ್ಲಿ ತೀರಿಕೊಂಡ. ಅವನ ಬಟ್ಟೆಬರೆಯನ್ನು ರೂಢಿಯಂತೆ ಕೊಟ್ಟುಬಿಟ್ಟರು. ಗಾಣಕ್ಕೆ ಹಾಕಿಕೊಂಡು ಹೋಗುತ್ತಿದ್ದ ಒಂದು ಅಂಗಿ ಮಾತ್ರ ಗೂಟದ ಮೇಲೆ ಉಳಿಯಿತು. ಅದನ್ನು ಯಾರೂ ಬೇಡಲಿಲ್ಲ. ಕುಸುಬೆ ಎಣ್ಣೆ, ಬೆವರು, ಬೀಡಿಯ ಹೊಗೆ ಎಲ್ಲ ಸೇರಿ ಅದರ ಬಣ್ಣ ಯಾವುದೆಂದು ಹೇಳಲಾಗದಂತಾಗಿತ್ತು.

ನಾಯಿ ಉಣ್ಣುವುದನ್ನು ಬಿಟ್ಟಿತು. ಎರಡನೆಯ ದಿನ ಹಾರಿ ಆ ಅಂಗಿಯನ್ನು ಗೂಟದಿಂದ ಎಳೆದು, ಅದರ ಮೇಲೆ ಮೂಗಿಟ್ಟು ಮಲಗಿತು. ಫಕೀರವ್ವ ನುಚ್ಚು ಬೇಯಿಸಿ ಮಜ್ಜಿಗೆ ಹಾಕಿ ಇಟ್ಟಳು. ಹಾಲಿನಲ್ಲಿ ರೊಟ್ಟಿ ನೆನೆಸಿ ಇಟ್ಟಳು. ನಾಯಿ ಮುಟ್ಟಲಿಲ್ಲ. ಐದನೆಯ ದಿನ ಅವಳು ರೊಟ್ಟಿಯ ಅಂಚು ಮುರಿದು, ಗಂಡ ಮಾಡುತ್ತಿದ್ದಂತೆ ಚಟ್ನಿಯಲ್ಲಿ ಹೊರಳಿಸಿ, ಆ ಅಂಗಿಯ ತೋಳಿನ ಮೇಲಿಟ್ಟಳು. ನಾಯಿ ತಿಂದಿತು. ಇನ್ನೊಂದು ತುಂಡಿಟ್ಟಳು, ಅದನ್ನೂ ತಿಂದಿತು. ಹೀಗೆ ಅರ್ಧ ರೊಟ್ಟಿ ಮುಗಿಯಿತು. ಉಳಿದರ್ಧವನ್ನು ಅವಳು ತಾನು ತಿಂದಳು. ಗಂಡ ಹೋದಮೇಲೆ ಅವಳ ಬಾಯಿಗೂ ಅನ್ನ ಸೇರಿರಲಿಲ್ಲ.

ಮುಂದೆ ಒಂದು ತಿಂಗಳು ಹಾಗೇ ನಡೆಯಿತು. ದಿನಕ್ಕೊಂದು ರೊಟ್ಟಿ, ಅಂಗಿಯ ಪಕ್ಕದಲ್ಲಿ ಕುಳಿತು, ಅರ್ಧ ನಾಯಿಗೆ, ಅರ್ಧ ಅವಳಿಗೆ. ಎರಡು ಜೀವಗಳು ಆ ಅಂಗಿಯ ಆಸರೆಯಲ್ಲಿ ನಿಂತಿದ್ದವು.

ಆಮೇಲೆ ಅಂಗಿಗೆ ಇರುವೆ ಹತ್ತಿತು. ನಾಯಿಯ ಪಕ್ಕೆಲುಬು ಕಾಣುತ್ತಿತ್ತು. ಎದುರುಮನೆಯವಳು ಬಂದು ನೋಡಿ, ಊರಿಗೆಲ್ಲ ಕೌದಿ ಹೊಲಿಯುವ ಕೈ, ಮನೆಯ ನಾಯಿಗೆ ಈ ಚಿಂದಿಯೇ ಎಂದಳು. ಫಕೀರವ್ವನಿಗೆ ಮಾತು ಚುಚ್ಚಿತು. ಇಷ್ಟು ಕೊಳಕು ಅಂಗಿಯ ಮೇಲೆಯೇ ಅರ್ಧ ರೊಟ್ಟಿ ತಿನ್ನುತ್ತದೆ, ಇದನ್ನೇ ನಡುವೆ ಇಟ್ಟು ಮೆತ್ತನೆಯ ಕೌದಿ ಮಾಡಿಕೊಟ್ಟರೆ ಪೂರ್ತಿ ರೊಟ್ಟಿ ತಿಂದೀತು ಎಂದುಕೊಂಡಳು. ಕೇಳುವುದಕ್ಕೆ ಸರಿಯಾಗಿಯೇ ಇದೆಯಲ್ಲವೆ? ನಿನಗೂ ಸರಿಯೆನ್ನಿಸುತ್ತದೆ, ನನಗೆ ಗೊತ್ತು.

ಅವಳು ಅಂಗಿ ಎಳೆದಾಗ ನಾಯಿ ತೋಳನ್ನು ಹಲ್ಲಿನಲ್ಲಿ ಹಿಡಿದುಕೊಂಡಿತು.

"ಬಿಡೋ ಬೂದ್ಯಾ," ಎಂದಳು ಫಕೀರವ್ವ. "ನಿನಗ ಛಲೋದ ಮಾಡಿಕೊಡತೀನಿ."

ನಾಯಿ ಅವಳ ಮುಖ ನೋಡಿತು, ಹಲ್ಲು ಸಡಿಲಿಸಿತು. ಅವಳ ಮಾತನ್ನು ಅದು ಎಂದೂ ಮೀರಿದ್ದಿಲ್ಲ.

ಅವಳು ಅಂಗಿಯನ್ನು ಸವಳಿನ ನೀರಿನಲ್ಲಿ ಕುದಿಸಿದಳು. ಎಣ್ಣೆ ಬಿಡಲಿಲ್ಲ. ಇನ್ನೊಮ್ಮೆ ಕುದಿಸಿದಳು. ಹಳ್ಳಕ್ಕೆ ಒಯ್ದು ಬಂಡೆಗೆ ಬಡಿದಳು. ಕಪ್ಪು ನೀರು ಹರಿದು ಹೋಗುತ್ತಿದ್ದರೆ ಅವಳಿಗೆ ಹಗುರವೆನ್ನಿಸುತ್ತಿತ್ತು. ಮೂರನೆಯ ಸಲ ಹಿಂಡಿದಾಗ ಅಂಗಿ ಬೆಳ್ಳಗಾಗಿತ್ತು. ಅದು ಬಿಳಿಯ ಅಂಗಿ ಎಂಬುದನ್ನೇ ಅವಳು ಮರೆತಿದ್ದಳು.

ಹೊಲಿಗೆಗೆ ಒಂಬತ್ತು ದಿನ ಹಿಡಿಯಿತು. ಅಂಗಿಯನ್ನು ನಡುವೆ ಇಟ್ಟು, ಸುತ್ತ ತನ್ನ ಮದುವೆಯ ಸೀರೆಯ ತುಂಡು ಹಚ್ಚಿದಳು. ಯಾರಿಗೂ ಅಷ್ಟು ಸಣ್ಣ ಹೊಲಿಗೆ ಹಾಕಿರಲಿಲ್ಲ. ನಾಯಿ ಬರಿಯ ಗೂಟದ ಕೆಳಗೆ ಮಲಗಿರುತ್ತಿತ್ತು, ನೀರು ಮಾತ್ರ ಕುಡಿಯುತ್ತಿತ್ತು. ಇನ್ನು ನಾಲ್ಕೇ ದಿನ, ಇನ್ನೆರಡೇ ದಿನ ಎಂದು ಅವಳು ಅದಕ್ಕೆ ಹೇಳುತ್ತಿದ್ದಳು. ಕೆಲಸದ ಹುರುಪಿನಲ್ಲಿ ಅವಳಿಗೆ ಭಯವಾಗಲಿಲ್ಲ.

ಮುಗಿದ ದಿನ ಬೆಳಿಗ್ಗೆ ಕೌದಿ ಹಾಸಿದಳು. ಬಿಸಿ ರೊಟ್ಟಿ ಬಡಿದು, ತುಪ್ಪ ಸವರಿ, ಅಂಚು ಮುರಿದು ಚಟ್ನಿ ಹಚ್ಚಿ ನಡುವೆ ಇಟ್ಟು ನಾಯಿಯನ್ನು ಕರೆದಳು. ನಾಯಿ ಬಾಲ ಆಡಿಸುತ್ತ ಬಂತು. ಕೌದಿಯನ್ನು ಈ ಮೂಲೆಯಿಂದ ಆ ಮೂಲೆಯವರೆಗೆ ಮೂಸಿತು. ಅಂಗಿ ಇದ್ದಲ್ಲಿ ನಿಂತು ಮತ್ತೆ ಮೂಸಿತು. ತೋಳು ಇದ್ದಲ್ಲಿ ಕಾಲಿನಿಂದ ಕೆರೆದು ನೋಡಿತು. ಆಮೇಲೆ ಕೌದಿಯಿಂದ ಇಳಿದು ಬಾಗಿಲು ದಾಟಿ ಹೋಯಿತು. ರೊಟ್ಟಿ ಅಲ್ಲೇ ಉಳಿಯಿತು.

ಫಕೀರವ್ವ ಹಿಂದೆಯೇ ಹೋದಳು. ನಾಯಿ ನಿಲ್ಲುತ್ತ, ಕೂರುತ್ತ ಹಳ್ಳಕ್ಕೆ ಇಳಿಯಿತು. ಅವಳು ಅಂಗಿ ಒಗೆದ ಬಂಡೆಯನ್ನು ಹುಡುಕಿ, ಅದರ ಸಂದಿಗೆ ಮೂಗಿಟ್ಟು ಮಲಗಿತು. ಅಲ್ಲಿ ಒಂದಿಷ್ಟು ಎಣ್ಣೆಯ ಜಿಡ್ಡು ಉಳಿದಿತ್ತೋ ಏನೋ. ಅವಳು ಮನೆಗೆ ಓಡಿ ರೊಟ್ಟಿ ತಂದಳು. ಕೌದಿ ತಂದು ಹೊದಿಸಿದಳು. ಎತ್ತಿಕೊಂಡು ಹೋಗಲು ನೋಡಿದರೆ ನಾಯಿ ನರಳಿತು. ಮೂರನೆಯ ದಿನ ಮಧ್ಯಾಹ್ನ ಅದು ಆ ಬಂಡೆಯ ಮೇಲೆಯೇ ಸತ್ತಿತು.

ಅದನ್ನು ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ ಫಕೀರವ್ವ ಮನೆಗೆ ಬಂದಳು. ಕೌದಿಯಲ್ಲಿ ಮುಖ ಇಟ್ಟಳು. ಬಿಸಿಲಿನ ವಾಸನೆ ಬಂತು, ಸವಳಿನ ವಾಸನೆ ಬಂತು. ಬೇರೇನೂ ಬರಲಿಲ್ಲ. ಮೂವತ್ತು ವರ್ಷ ಜೊತೆಗೆ ಬಾಳಿದವನನ್ನು ತಾನೇ ಬಂಡೆಗೆ ಬಡಿದು ನೀರಿಗೆ ಬಿಟ್ಟೆನೆಂದು ಅವಳಿಗೆ ಆಗ ತಿಳಿಯಿತು. ಗಂಡ ಸತ್ತ ದಿನ ಅವಳು ಹಾಗೆ ಅತ್ತಿರಲಿಲ್ಲ.

ಇಷ್ಟು ಹೇಳಿ ಅಜ್ಜನವರು ಇನ್ನೊಂದು ಹಿಡಿ ಕಾಯಿ ಎತ್ತಿಕೊಂಡರು. ಮರುಳಯ್ಯನ ಕಣ್ಣು ಒದ್ದೆಯಾಗಿತ್ತು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲವಲ್ಲ, ಪಾಪ ಎಂದು ಅವನು ಮೆಲ್ಲಗೆ ಹೇಳಿದ. ಇರಲಿಲ್ಲ ಎಂದು ಅಜ್ಜನವರೂ ಒಪ್ಪಿದರು. ಆಮೇಲೆ ಅವನ ಮುಖ ನೋಡಿ ಕೇಳಿದರು:

"ವೀರಪ್ಪನ ಹೇಂತಿ ಹೆಸರ ಏನಿತ್ತೋ ತಮ್ಮಾ?"