ತಿಪ್ಪಯ್ಯನ ಡೇರೆ

ಗುರು ನಿರಂಜನಯ್ಯನವರು ವರ್ಷಕ್ಕೊಮ್ಮೆ ಶಿಷ್ಯರನ್ನು ಕಟ್ಟಿಕೊಂಡು ಕಾಲ್ನಡಿಗೆಯಲ್ಲಿ ಊರೂರು ಸುತ್ತುತ್ತಿದ್ದರು. ಬಿಡಾರ ಊರ ಹೊರಗೇ.

ಡೇರೆ ಹಾಕುವ ಕೆಲಸ ಶಿಷ್ಯ ಮರುಳಸಿದ್ಧನದು. ಅದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಎಲ್ಲರಿಗಿಂತ ಮೊದಲು ಅವನೇ ಹೇಳುತ್ತಿದ್ದ.

ಆ ದಿನ ಹೊಳೆಯ ದಂಡೆಯಲ್ಲಿ ತಂಗಿದರು. ಅಡುಗೆಯ ಮುದುಕ ತಿಪ್ಪಯ್ಯನಿಗೆ ಜ್ವರ ಬಂದಿತ್ತು. ಹಾಗಾಗಿ ಗುರುಗಳಿಗೊಂದು, ಅವನಿಗೊಂದು, ಎರಡು ಡೇರೆ ಹಾಕಬೇಕಾಯಿತು. ಉಳಿದವರಿಗೆ ಮರದ ನೆರಳು.

ಗುರುಗಳ ಡೇರೆಯ ಬೆನ್ನನ್ನು ಮರುಳಸಿದ್ಧ ಗಾಳಿಯ ದಿಕ್ಕಿಗೆ ತಿರುಗಿಸಿದ. ಗೂಟಗಳ ತಲೆ ಡೇರೆಯಿಂದ ಆಚೆಗೆ ವಾಲುವಂತೆ ಹೊಡೆದ. ಮರಳು ಸಡಿಲವಿದ್ದ ಕಡೆ ಹಗ್ಗದ ತುದಿಗೆ ಕಲ್ಲು ಕಟ್ಟಿ ಮೊಳದಾಳ ಹೂತ. ಮಳೆನೀರು ಹರಿಯಲು ಸುತ್ತ ಕಾಲುವೆ ತೋಡಿದ. ನೋಡುತ್ತಿದ್ದವರು ಭೇಷ್ ಎಂದರು.

ತಿಪ್ಪಯ್ಯನ ಡೇರೆಯ ಹೊತ್ತಿಗೆ ನೋಡುವವರು ಯಾರೂ ಇರಲಿಲ್ಲ. ಗೂಟಗಳನ್ನು ನೆಟ್ಟಗೆ ಮರಳಿಗೆ ಚುಚ್ಚಿದ. ಕಲ್ಲು ಹುಡುಕುವ ಗೋಜಿಗೆ ಹೋಗಲಿಲ್ಲ. ಮುದುಕ ಮಲಗೋದಕ್ಕೆ ಇಷ್ಟು ಸಾಕು ಎಂದು ಕಾಟಾಚಾರಕ್ಕೆ ಕಟ್ಟಿ, ಕೈ ಕೊಡವಿ, ಹೊಳೆಗೆ ಸ್ನಾನಕ್ಕೆ ಹೋದ.

ಸ್ನಾನ ಮುಗಿಯುವ ಮುಂಚೆಯೇ ಗಾಳಿ ಎದ್ದಿತು. ಹಿಂದೆಯೇ ಮಳೆ. ಮರುಳಸಿದ್ಧ ಓಡಿ ಬಂದ.

ಗುರುಗಳ ಡೇರೆ ಗಟ್ಟಿಯಾಗಿ ನಿಂತಿತ್ತು. ಇನ್ನೊಂದು ಮಕಾಡೆ ಬಿದ್ದಿತ್ತು. ಅದರಡಿ ಯಾರೋ ಮಿಸುಕಾಡುತ್ತಿದ್ದರು.

ಬಟ್ಟೆ ಎತ್ತಿದ. ಒದ್ದೆ ಮುದ್ದೆಯಾಗಿ, ಹಣೆಗೆಲ್ಲ ಮರಳು ಮೆತ್ತಿಕೊಂಡು ಎದ್ದು ಕೂತವರು ಗುರುಗಳು.

"ಬುದ್ಧಿ! ನೀವು ಇದರೊಳಗೆ ಯಾಕೆ?"

"ತಿಪ್ಪಯ್ಯನಿಗೆ ಚಳಿಜ್ವರ ಕಣಪ್ಪ. ಅವನನ್ನ ಗಟ್ಟಿ ಡೇರೇಲಿ ಮಲಗಿಸ್ದೆ."

"ಗಾಳಿ ಭಾರೀ ಜೋರಿತ್ತು ಬುದ್ಧಿ. ಇಂಥ ಗಾಳಿಗೆ ಯಾವ ಡೇರೆ ತಾನೇ ನಿಲ್ಲತ್ತೆ?"

ಅಲುಗದೆ ನಿಂತಿದ್ದ ಡೇರೆಯ ಕಡೆ ಗುರುಗಳು ನೋಡಿದರು. ಒಳಗಿಂದ ತಿಪ್ಪಯ್ಯನ ಗೊರಕೆ ಕೇಳುತ್ತಿತ್ತು.

ಮರುಳಸಿದ್ಧ ಕಾಲಿಗೆ ಬಿದ್ದ. "ತಪ್ಪಾಯ್ತು ಬುದ್ಧಿ. ನೀವು ಮಲಗ್ತೀರಿ ಅಂತ ಗೊತ್ತಿದ್ರೆ ಹಿಂಗೆ ಕಟ್ತಿರಲಿಲ್ಲ."

"ಗೊತ್ತು," ಎಂದರು ಗುರುಗಳು.

ತಾನು ಆಡಿದ್ದೇನೆಂದು ಮರುಳಸಿದ್ಧನಿಗೆ ಆಗ ಅರಿವಾಯಿತು. ಎರಡು ವರ್ಷ ತನಗೆ ಬಡಿಸಿ ಆಮೇಲೆ ಉಂಡವನು ತಿಪ್ಪಯ್ಯ. ಗುರುಗಳು ಜಾಗ ಬದಲಿಸದಿದ್ದರೆ ಆ ಜ್ವರದ ಮೈ ಈಗ ಮಳೆಯಲ್ಲಿ ನೆನೆಯುತ್ತಿತ್ತು. ಬದುಕುತ್ತಿದ್ದನೋ ಇಲ್ಲವೋ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈಯಲಿ, ಹೊಡೆಯಲಿ, ಮಠಕ್ಕೆ ವಾಪಸು ಅಟ್ಟಲಿ ಎಂದು ತಲೆ ಬಗ್ಗಿಸಿ ಕಾದ.

ಗುರುಗಳು ಬೈಯಲಿಲ್ಲ. ಮರಳಲ್ಲಿ ತಡಕಾಡಿ, ಕಿತ್ತುಬಂದ ಗೂಟಗಳನ್ನು ಆರಿಸಿ ಅವನ ಮುಂದಿಟ್ಟರು. ಮೇಲೆ ಗೂಟ ಹೊಡೆಯುವ ಕೊಡತಿ ಇಟ್ಟರು.

ಮಳೆ ಇನ್ನೂ ನಿಂತಿರಲಿಲ್ಲ. ಮರುಳಸಿದ್ಧ ಹೊಳೆಯಿಂದ ಕಲ್ಲು ಹೊತ್ತು ತಂದ. ಮೊದಲ ಗೂಟವನ್ನು ವಾಲಿಸಿ ಹಿಡಿದು ಕೊಡತಿ ಎತ್ತಿದವನು ಹಾಗೇ ತಡೆದ.

"ಬುದ್ಧಿ, ಇವತ್ತು ಇದರೊಳಗೆ ಮಲಗೋರು ಯಾರು?"

"ಗೂಟ ಎಲ್ಲಾ ಹೊಡ್ದು ಮುಗಿಸು," ಎಂದರು ಗುರುಗಳು. "ಆಮೇಲೆ ಹೇಳ್ತೀನಿ."