ತಳ್ಳುವವರು ಯಾರು?

ಹುಬ್ಬಳ್ಳಿಗೆ ಮೋಟಾರು ಹೊಸದಾಗಿ ಬಂದ ಕಾಲ. ಮೋಟಾರು ಮಾರುತ್ತಿದ್ದ ಅಂದಾನೆಪ್ಪ ಸಾಹುಕಾರರು ಗುಮಾಸ್ತ ಗುಂಡೇರಾಯನಿಗೆ ಹುಕುಂ ಮಾಡಿದರು: "ನಮ್ಮ ಮೋಟಾರು ಎಲ್ಲೂ ಕೆಟ್ಟು ನಿಲ್ಲೂದಿಲ್ಲ ಅಂತ ಹ್ಯಾಂಡ್‌ಬಿಲ್ಲಿನಾಗ ಬರಿ. ಬರಿಯೂದಿಲ್ಲಂದ್ರ ನಾಳಿಂದ ಕೆಲಸಕ್ಕ ಬರಬ್ಯಾಡ."

ಆ ಮೋಟಾರುಗಳು ನಡುದಾರಿಯಲ್ಲಿ ನಿಂತಾಗಲೆಲ್ಲ ತಳ್ಳಿ ತಳ್ಳಿ ರಟ್ಟೆ ಸೋತವನು ಗುಂಡೇರಾಯನೇ. ಆದರೂ ಎದುರಾಡದೆ ಬರೆದ. ಕೆಳಗೆ ಇನ್ನೊಂದು ಸಾಲು ಸೇರಿಸಿ ಸಾಹುಕಾರರ ಸಹಿಗೆ ಇಟ್ಟ: "ಒಂದು ವೇಳೆ ನಿಂತರೆ ಸಾಹುಕಾರರೇ ಖುದ್ದಾಗಿ ಬಂದು ತಳ್ಳುವರು."

ಸಾಹುಕಾರರು ಕೆಂಡವಾದರು. "ಏನಲೇ ಇದು? ನಾ ತಳ್ಳಬೇಕೇನು?"

"ನಿಲ್ಲೂದ ಇಲ್ಲಂದ ಮ್ಯಾಲೆ ಯಾಕ ಅಂಜ್ತೀರಿ, ಸಾಹುಕಾರ್ರ? ಸಹಿ ಮಾಡ್ರಿ," ಎಂದು ಗುಂಡೇರಾಯ ಲೇಖನಿ ಚಾಚಿ ನಿಂತ.

ಸಾಹುಕಾರರು ಲೇಖನಿ ಹಿಡಿದರು. ಬಹಳ ಹೊತ್ತು ಯೋಚಿಸಿದರು. ಕೊನೆಗೆ ಎರಡೂ ಸಾಲು ಹೊಡೆದುಹಾಕಿ ಗೊಣಗಿದರು: "ಬಣ್ಣ ಚೆಂದ ಐತಿ ಅಂತಷ್ಟ ಬರಿ."